ಸೂಜಿ ತಾಗಿದ್ದಕ್ಕೇ ಹರಡಿತಂತೆ!

ಫ್ಯಾಮಿಲಿ ಗ್ರೂಪಿಗೆ ಇವತ್ತು ಮತ್ತೆ ಅದೇ ವಿಡಿಯೋ ಬಂದು ಬಿದ್ದಿದೆ. "ಗಡ್ಡೆಗೆ ಸೂಜಿ ಹಾಕಿಸಬೇಡಿ, ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಕೆರಳಿ ಮೈಯೆಲ್ಲ ಹರಡುತ್ತೆ, ಇದೆಲ್ಲ ಆಸ್ಪತ್ರೆಯವರ ದಂಧೆ." (ಬಯಾಪ್ಸಿ ಅಂದರೆ ಗಡ್ಡೆಯ ಚೂರು ತೆಗೆದು ಕ್ಯಾನ್ಸರ್ ಇದೆಯೇ ಅಂತ ನೋಡುವ ಪರೀಕ್ಷೆ.) ಹಿಂದೆ ಕೊಳಲಿನ ಸಂಗೀತ ಬೇರೆ. ಕೆಳಗೆ ಸಾಲಾಗಿ ಕೈಮುಗಿದವರಲ್ಲಿ ಎಂಜಿನಿಯರುಗಳಿದ್ದಾರೆ, ರಿಟೈರಾದ ವಿಜ್ಞಾನದ ಮೇಷ್ಟ್ರೂ ಇದ್ದಾರೆ. ಅಲ್ಲೇ ಜಗಳ ತೆಗೆದರೆ ಮುಂದಿನ ಮದುವೆಮನೆ ಪಂಕ್ತಿಯಲ್ಲಿ ಪಕ್ಕ ಕೂರುವವರಿರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಾಯಿ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ನಮ್ಮ ದೇಶದ ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಅದರದ್ದು. ಕವಳ (ಎಲೆಯಡಿಕೆ), ಗುಟ್ಕಾ ಒತ್ತರಿಸಿ ಇಟ್ಟುಕೊಳ್ಳುವುದು ಕೆನ್ನೆ ಮತ್ತು ವಸಡಿನ ನಡುವಿನ ಸಂದಿಯಲ್ಲಿ. ಹುಣ್ಣು ಏಳುವುದೂ ಹೆಚ್ಚಾಗಿ ಅಲ್ಲೇ. ತಂಬಾಕಿನ ನೈಟ್ರೋಸಮೀನುಗಳು ಅಲ್ಲಿನ ಜೀವಕೋಶಗಳ ಡಿಎನ್‌ಎ ಕೆಡಿಸುತ್ತವೆ. ಅಡಿಕೆಯ ಅರೆಕೋಲಿನ್ ಒಳಚರ್ಮದಡಿ ನಾರು ಬೆಳೆಸಿ ಕೆನ್ನೆಯನ್ನು ಬಿಗಿಯಾಗಿಸುತ್ತದೆ. (ತಂಬಾಕು ಹಾಕಲ್ಲ, ಬರೀ ಅಡಿಕೆ ಎನ್ನುವವರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇದೆ. ನಮ್ಮ ಮನೆಯ ಅನ್ನ ಯಾವ ತೋಟದ್ದು ಅಂತ ಗೊತ್ತಿರುವ ಸ್ನೇಹಿತರು ನಗಬೇಡಿ. ಅಡಿಕೆ ದುಡ್ಡಲ್ಲೇ ಫೀಸು ಕಟ್ಟಿ ಓದಿದವನಿಗೆ ಇದನ್ನು ಬರೆಯಲು ಸುಲಭವಿಲ್ಲ. ಆದರೆ ಅರೆಕೋಲಿನ್‌ಗೆ ನಮ್ಮ ಮನೆತನದ ಮುಲಾಜಿಲ್ಲ.)

ಡಿಎನ್‌ಎಯ ಒಂದೇ ತಪ್ಪಿನಿಂದ ಕ್ಯಾನ್ಸರ್ ಆಗುವುದಿಲ್ಲ. ಕೆಟ್ಟ ಕೋಶವನ್ನು ತಡೆಯುವ ಅಥವಾ ಸಾಯಿಸುವ ಪಿ53 ಥರದ ಜೀನುಗಳೂ ಕೆಡಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ಖಾರ ತಿಂದರೆ ಉರಿ, ಮೂರು ಬೆರಳು ಒಟ್ಟಿಗೆ ನಿಲ್ಲಿಸಿ ಬಾಯೊಳಗೆ ಹಾಕಲಾಗದಷ್ಟು ಬಿಗಿತ. ಇವೆಲ್ಲ ಆ ವರ್ಷಗಳಲ್ಲಿ ಸಿಗುವ ಸೂಚನೆಗಳು.

ಈಗ ಲೆಕ್ಕ ನೋಡಿ. ಒಂದು ಸೆಂಟಿಮೀಟರ್ ಗಂಟಿನಲ್ಲಿ ಸುಮಾರು 100 ಕೋಟಿ ಕೋಶಗಳಿರುತ್ತವೆ. ಒಂದೇ ಕೋಶದಿಂದ ಅಲ್ಲಿಗೆ ಬರಲು ಸುಮಾರು 30 ಸಲ ದುಪ್ಪಟ್ಟಾಗಬೇಕು. ಅಲ್ಲಿಂದ ಒಂದು ಕಿಲೋ ಆಗಲು ಇನ್ನು 10 ಸಲ ಸಾಕು. ಅಂದರೆ ನಿಮ್ಮ ನಾಲಿಗೆಗೆ ಗಂಟು ತಾಗುವ ಹೊತ್ತಿಗೆ ಅದರ ಆಯುಷ್ಯದ ಮುಕ್ಕಾಲು ಭಾಗ ಮುಗಿದಿರುತ್ತದೆ. ಒಂದೆರಡು ಮಿಲಿಮೀಟರ್ ದಾಟಿದಾಗಲೇ ಅದು ಹೊಸ ರಕ್ತನಾಳಗಳನ್ನು ತನ್ನ ಕಡೆ ಬೆಳೆಸಿಕೊಂಡಿರುತ್ತದೆ, ಕಿಣ್ವ ಬಿಟ್ಟು ಪಕ್ಕದ ಪದರ ಕರಗಿಸಿ ಒಳಗಿಳಿದಿರುತ್ತದೆ, ದುಗ್ಧನಾಳ (ಲಿಂಫ್ ನಾಳ) ಹಿಡಿದು ದವಡೆಯಡಿಯ, ಕತ್ತಿನ ಗ್ರಂಥಿಗಳ ಕಡೆ ಹೊರಟಿರಲೂಬಹುದು. ಹರಡುವುದು ಅದರ ಹುಟ್ಟುಗುಣ ಸ್ವಾಮಿ! ನಿಮ್ಮ ಡಾಕ್ಟರ ಸೂಜಿಗಾಗಿ ಅದು ಕಾಯುತ್ತಾ ಕೂತಿರುವುದಿಲ್ಲ.

ಮತ್ತೆ "ಮುಟ್ಟಿದ ಮೇಲೆಯೇ ಜಾಸ್ತಿಯಾಯಿತು" ಎಂಬ ಮಾತು ಎಲ್ಲಿಂದ ಬಂತು? ಹುಣ್ಣು ಕಂಡು ಎರಡು ತಿಂಗಳು ವಿಟಮಿನ್ ಮಾತ್ರೆ, ಆಮೇಲೆ ಮೂರು ತಿಂಗಳು ನಾಟಿ ಲೇಪ, ಕತ್ತಿನಲ್ಲಿ ಗಂಟು ಬಂದ ಮೇಲೆ ಬಯಾಪ್ಸಿ. ಅದಾಗಿ ತಿಂಗಳೊಪ್ಪತ್ತಿನಲ್ಲಿ ರೋಗಿ ಸೊರಗುತ್ತಾನೆ. ಐದು ತಿಂಗಳನ್ನು ಯಾರೂ ಎಣಿಸುವುದಿಲ್ಲ, ಐದು ನಿಮಿಷದ ಬಯಾಪ್ಸಿ ಎಲ್ಲರಿಗೂ ನೆನಪಿರುತ್ತದೆ. ಥರ್ಮಾಮೀಟರ್ ಇಟ್ಟಿದ್ದಕ್ಕೇ ಜ್ವರ ಬಂತು ಎನ್ನುವ ಜಾತಿಯ ತರ್ಕ.

"ಸೂಜಿ ದಾರಿಯಲ್ಲಿ ಹರಡಿದ ಉದಾಹರಣೆಗಳಿವೆಯಲ್ಲ" ಅಂತ ಗೂಗಲ್ ಮಾಡಿ ಬಂದವರಿಗೂ ಉತ್ತರ ಕೊಡೋಣ. ಇವೆ. ಲಿವರ್ ಕ್ಯಾನ್ಸರಿನಲ್ಲಿ ನೂರಕ್ಕೆ ಎರಡು ಮೂರು ಮಂದಿಯಲ್ಲಿ ಹೀಗಾಗಿದೆ. ಅದಕ್ಕೇ ಸ್ಕ್ಯಾನಿನಲ್ಲೇ ಖಚಿತವಾಗುವ ಲಿವರ್ ಗಡ್ಡೆಗೆ ಬಯಾಪ್ಸಿ ಬೇಡ ಎನ್ನುತ್ತಾರೆ. ವೃಷಣದ ಗಡ್ಡೆಗೆ ಚೀಲದ ಮೂಲಕ ಸೂಜಿ ಹಾಕುವುದಿಲ್ಲ, ಅಂಡಾಶಯದಲ್ಲಷ್ಟೇ ಇರುವ ಅನುಮಾನದ ಗಡ್ಡೆಗೂ ಇಲ್ಲ. ಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರಿನಲ್ಲಿ ಮುಂದೆ ಆಪರೇಷನ್ನಿಗೆ ಕೊಯ್ಯುವ ಗೆರೆಯ ಮೇಲೆಯೇ ಸೂಜಿ ಇಳಿಸುತ್ತಾರೆ, ಆ ದಾರಿಯನ್ನೂ ಕೊಯ್ದು ತೆಗೆಯಲು. ಇದನ್ನೆಲ್ಲ ಕಂಡುಹಿಡಿದು ನಿಯಮ ಮಾಡಿದ್ದು ಕೊಳಲಿನ ವಿಡಿಯೋದವರಲ್ಲ, ದಂಧೆಯವರು ಅಂತ ನೀವು ಬೈಯುವ ಅದೇ ಡಾಕ್ಟರುಗಳು. ಬಾಯಿ ಹುಣ್ಣಿಗೂ ಇದಕ್ಕೂ ಸಂಬಂಧವೇ ಇಲ್ಲ.

ಬಾಯಿಯದು ನಿಜಕ್ಕೂ ಸಣ್ಣ ಕೆಲಸ. ಚೂಪು ಹಲ್ಲಿದ್ದರೆ ಅದರ ಮೊನೆ ಉಜ್ಜಿಸಿ ಎರಡು ವಾರ ನೋಡುತ್ತಾರೆ. ಆಗಲೂ ಮಾಯದಿದ್ದರೆ ತುಂಡು ತೆಗೆಯಬೇಕು, ಅಷ್ಟೇ. ಲಿಗ್ನೋಕೇನ್ ಚುಚ್ಚಿ ಜಾಗ ಮರಗಟ್ಟಿಸುತ್ತಾರೆ, ಅದೂ ಹುಣ್ಣಿನೊಳಗಲ್ಲ, ಸುತ್ತ. ತುಂಡನ್ನು ತೆಗೆಯುವುದು ಅಂಚಿನಿಂದ, ಪಕ್ಕದ ಒಳ್ಳೆಯ ಚರ್ಮವೂ ಚೂರು ಬರುವಂತೆ, ಸಾಕಷ್ಟು ಆಳಕ್ಕೆ. ಎಡವುವುದು ಇಲ್ಲೇ. ನಡುವಿನಿಂದ ತೆಗೆದರೆ ಬರುವುದು ಸತ್ತ ಕೋಶಗಳ ಕೊಳೆ. ಮೇಲೆ ಮೇಲೆ ಕೆರೆದರೆ ಒಳಗಿಳಿದಿದೆಯೋ ಇಲ್ಲವೋ ತಿಳಿಯುವುದಿಲ್ಲ. ಇಕ್ಕಳದಲ್ಲಿ ಒತ್ತಿ ಹಿಡಿದರೆ ಕೋಶಗಳು ಜಜ್ಜಿಹೋಗಿ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟ್ ಕೈಚೆಲ್ಲುತ್ತಾರೆ. ತುಂಡು ಹೋಗಬೇಕಾದ್ದು 10% ಫಾರ್ಮಲಿನ್‌ಗೆ, ತುಂಡಿನ ಹತ್ತು ಪಟ್ಟು ಪ್ರಮಾಣದಲ್ಲಿ. ಸಲೈನ್ ಬಾಟಲಿಯಲ್ಲಿ ಹಾಕಿಕೊಟ್ಟರೆ ಲ್ಯಾಬ್ ಮುಟ್ಟುವಷ್ಟರಲ್ಲಿ ಕೊಳೆಯತೊಡಗಿರುತ್ತದೆ. "ನೆಗೆಟಿವ್" ಅಂತ ಬಂದರೂ ಹುಣ್ಣು ಹಾಗೇ ಇದ್ದರೆ ಇನ್ನೊಮ್ಮೆ ತೆಗೆಸಿ. ಖುಷಿಯಲ್ಲಿ ಮನೆಗೆ ಬಂದು ಕೂರಬೇಡಿ.

ಈ ರಿಪೋರ್ಟ್ ಇಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ಆಯುಷ್ಮಾನ್ ಕಾರ್ಡಿನಲ್ಲಿ ಚಿಕಿತ್ಸೆ ಅಂದರೂ ಕೇಳುವುದು ಮೊದಲು ಇದನ್ನೇ. ಬಾಯಿಗೆ ಮುಖ್ಯ ಚಿಕಿತ್ಸೆ ಆಪರೇಷನ್: ಗಡ್ಡೆಯ ಸುತ್ತ ಒಂದು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆಯುತ್ತಾರೆ, ಅದರ ಜೊತೆ ಕತ್ತಿನ ಗ್ರಂಥಿಗಳನ್ನೂ. "ಕತ್ತಿನಲ್ಲಿ ಏನೂ ಇಲ್ಲವಲ್ಲ, ಯಾಕೆ ಕೊಯ್ಯಬೇಕು" ಅಂತ ಕೇಳುವವರಿಗೆ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ 2015ರ ಅಧ್ಯಯನವೇ ಉತ್ತರ. ಮೊದಲ ಹಂತಗಳ ಬಾಯಿ ಕ್ಯಾನ್ಸರಿನಲ್ಲಿ ಗಡ್ಡೆಯೊಟ್ಟಿಗೇ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಮೂರು ವರ್ಷದ ಕೊನೆಗೆ 80% ಜನ ಬದುಕಿದ್ದರು. ಗಂಟು ಕಂಡ ಮೇಲೆ ತೆಗೆದರಾಯಿತು ಅಂತ ಕಾದವರಲ್ಲಿ 67.5%. ನುರಿತ ಸರ್ಜನ್ನುಗಳ ಕೈಕೆಳಗೆ ಕಾದರೇ ಇಷ್ಟು ವ್ಯತ್ಯಾಸ. ಲೇಪ ಹಚ್ಚಿಕೊಂಡು ಕಾದವರ ಲೆಕ್ಕ ಹಾಕಿ ನೋಡಿ.

ತಡವಾದಷ್ಟೂ ಚಿಕಿತ್ಸೆ ಉದ್ದವಾಗುತ್ತದೆ. ಗ್ರಂಥಿಗೆ ಹರಡಿದ್ದರೆ, ಗಡ್ಡೆ ದೊಡ್ಡದಿದ್ದರೆ ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಶನ್ ಶುರುವಾಗಬೇಕು, ಜನ ಕರೆಂಟ್ ಕೊಡೋದು ಎನ್ನುತ್ತಾರಲ್ಲ, ಅದು. ಸಾಮಾನ್ಯವಾಗಿ ಒಟ್ಟು 60 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ), ವಾರಕ್ಕೆ ಐದು ದಿನದಂತೆ 30 ಸಲ. ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಅಥವಾ ಗ್ರಂಥಿಯ ಹೊದಿಕೆ ಒಡೆದು ಹೊರಬಂದಿದ್ದರೆ ಜೊತೆಗೆ ಕೀಮೋ ಔಷಧಿ ಸಿಸ್‌ಪ್ಲಾಟಿನ್. ಅದಕ್ಕೆ ಕಿಡ್ನಿ ಚೆನ್ನಾಗಿರಬೇಕು, ಮೊದಲೂ ಆಮೇಲೂ ಧಾರಾಳವಾಗಿ ಸಲೈನ್ ಏರಿಸಬೇಕು. ಮೂರನೇ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯದು. ಬಹಳ ಜನ "ಸ್ವಲ್ಪ ಸುಧಾರಿಸಿಕೊಂಡು ಬರ್ತೀವಿ" ಅಂತ ಊರಿಗೆ ಹೊರಡುವುದು ಆಗಲೇ. ಆ ರಜೆಯಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಇನ್ನೂ ಜೋರಾಗಿ ಹೆಚ್ಚುತ್ತವೆ. ಮೂಗಿನಿಂದ ನಳಿಗೆ ಹಾಕಿಸಿಕೊಂಡಾದರೂ ಊಟ ನಡೆಸಿ, ಒಂದು ದಿನವೂ ತಪ್ಪಿಸಬೇಡಿ. ಇನ್ನೊಂದು: ಹುಳುಕು ಹಲ್ಲು ಕೀಳಿಸುವುದಿದ್ದರೆ ಕರೆಂಟಿಗೆ ಎರಡು ವಾರ ಮೊದಲೇ ಮುಗಿಸಿ. ಆಮೇಲೆ ಕಿತ್ತರೆ ದವಡೆಮೂಳೆ ಮಾಯದೆ ಸಾಯುವ ಅಪಾಯವಿದೆ, ವರ್ಷಗಳಾದ ಮೇಲೂ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆಡೆಗೋ ಎರಡನೇ ಅಭಿಪ್ರಾಯಕ್ಕೆ ಹೋಗುವುದಾದರೆ ಬರೀ ರಿಪೋರ್ಟ್ ಹಾಳೆ ಹಿಡಿದು ಹೋಗಬೇಡಿ. ಮೊದಲು ಪರೀಕ್ಷೆ ಮಾಡಿದ ಲ್ಯಾಬಿನಿಂದ ಸ್ಲೈಡುಗಳನ್ನೂ (ತುಂಡಿನ ತೆಳು ಪದರ ಅಂಟಿಸಿದ ಗಾಜು) ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಸಹಿ ಹಾಕಿ ಕೇಳಿ ಪಡೆದುಕೊಳ್ಳಿ. ಅದೇ ಬ್ಲಾಕಿನಿಂದ ಹೊಸ ಸ್ಲೈಡ್ ಮಾಡಿ ನೋಡುತ್ತಾರೆ. ಬಹುತೇಕ ಮತ್ತೆ ತುಂಡು ತೆಗೆಯುವ ಪ್ರಸಂಗವೇ ಬರುವುದಿಲ್ಲ.