ದಾರಿ ಕೇಳುವ ಹಾಗಿಲ್ಲ

ತೀರ್ಥಹಳ್ಳಿ ಕಡೆಯವರಿಗೆ ಮಳೆಯ ವಿಷಯದಲ್ಲಿ ಒಂದು ಜಂಬ ಇರುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದು ಆರು ವರ್ಷವಾದರೂ ನನಗದು ಇಳಿದಿರಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ನಮ್ಮ ಓರಿಯೆಂಟಿಯರಿಂಗ್ ಕ್ಲಬ್ಬಿನವರು "ಶನಿವಾರ, ಭಾನುವಾರ ಎರಡೂ ದಿನ ಮಳೆಯಂತೆ, ಬರ್ತೀಯಾ?" ಅಂದಾಗ ನಾನು ಆಗುಂಬೆಯ ಹೆಸರು ಹೇಳಿ, ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಎಂದು ಅಂಕಿಯನ್ನೂ ಒಗೆದೆ. ಹೇಳದೆ ಉಳಿಸಿಕೊಂಡದ್ದು ಒಂದೇ: ಆ ಮಳೆಯನ್ನು ನಾನು ನೋಡಿದ್ದೆಲ್ಲ ಜಗಲಿಯ ಮೇಲೆ ಕೂತು, ಕೈಯಲ್ಲಿ ಹಲಸಿನ ಹಪ್ಪಳ ಹಿಡಿದು.

ಓರಿಯೆಂಟಿಯರಿಂಗ್ ಅಂದರೆ ಇಷ್ಟೇ. ಕೈಗೊಂದು ನಕ್ಷೆ, ಹೆಬ್ಬೆರಳಿಗೊಂದು ದಿಕ್ಸೂಚಿ ಕೊಟ್ಟು ಕಾಡಿಗೆ ಅಟ್ಟುತ್ತಾರೆ. ಅಲ್ಲಲ್ಲಿ ಕಿತ್ತಳೆ-ಬಿಳಿ ಬಟ್ಟೆಯ ಗುರುತು ತೂಗುಹಾಕಿರುತ್ತಾರೆ. ಅವನ್ನು ಹೇಳಿದ ಸರದಿಯಲ್ಲೇ ಹುಡುಕಿ, ಬೆರಳಿಗೆ ಕಟ್ಟಿಕೊಂಡ ಕಡ್ಡಿಯನ್ನು ಅಲ್ಲಿನ ಡಬ್ಬಿಗೆ ತೂರಿಸಿ 'ಪೀಂ' ಅನ್ನಿಸಿ ಬರಬೇಕು. 1919ರಲ್ಲಿ ಎರ್ನ್‌ಸ್ಟ್ ಕಿಲಾಂಡರ್ ಎಂಬ ಸೇನಾಧಿಕಾರಿ, ಹುಡುಗರಿಗೆ ಓಟದ ಆಸಕ್ತಿ ಕಡಿಮೆಯಾಯಿತೆಂದು ಸ್ಟಾಕ್‌ಹೋಮಿನ ಹತ್ತಿರ ಇಂಥದೊಂದು ಸ್ಪರ್ಧೆ ಏರ್ಪಡಿಸಿದರಂತೆ. ದಾರಿ ತಪ್ಪಿಸಿಬಿಟ್ಟರೆ ತಾವಾಗಿಯೇ ಓಡುತ್ತಾರೆ ಎಂಬ ಲೆಕ್ಕಾಚಾರ ಇರಬೇಕು.

ಇದರಲ್ಲಿ ಒಂದು ನಿಯಮ ಮಾತ್ರ ನನ್ನ ಹುಟ್ಟುಗುಣಕ್ಕೇ ವಿರೋಧ: ಯಾರನ್ನೂ ದಾರಿ ಕೇಳುವ ಹಾಗಿಲ್ಲ. ನಮ್ಮ ಕಡೆ ಯಾರದಾದರೂ ಮನೆ ಹುಡುಕುವುದೆಂದರೆ ಮೊದಲು ಗೂಡಂಗಡಿ ಹುಡುಕುವುದು. ಅಲ್ಲಿ ಮನೆಯ ದಾರಿಯಷ್ಟೇ ಅಲ್ಲ, ಮನೆಯವರ ಮಗಳ ಮದುವೆ ಯಾಕೆ ಮುಂದೆ ಹೋಯಿತು ಅನ್ನುವುದೂ ಗೊತ್ತಾಗುತ್ತದೆ. ಇಲ್ಲಿ ನಕ್ಷೆಯನ್ನೇ ಕೇಳಬೇಕು. ಅದರ ಭಾಷೆಯೋ ತಲೆಕೆಳಗು: ಸಲೀಸಾಗಿ ಓಡಬಹುದಾದ ಕಾಡು ಬಿಳಿ, ಬಯಲು ಹಳದಿ, ನುಗ್ಗಲಾರದಷ್ಟು ಒತ್ತಾದ ಕಡೆ ಹಸಿರು. ನಮ್ಮೂರನ್ನು ಈ ಲೆಕ್ಕದಲ್ಲಿ ಬರೆದರೆ ಇಡೀ ಹಾಳೆ ಕಡುಹಸಿರಾಗಿ, ಬಿಳಿ ಅಂತ ಉಳಿಯುವುದು ಕಾಗದದ ಅಂಚು ಮಾತ್ರ.

ಶನಿವಾರ ಇಲ್ಲಿನ ಮಳೆ ಎಂಥದ್ದೆಂದು ತಿಳಿಯಿತು. ನಮ್ಮ ಮಳೆ ಧೋ ಎಂದು ಬಂದು ಜಗಳವಾಡಿ ಹೋಗುತ್ತದೆ. ಇದು ಹಾಗಲ್ಲ, ಗೊಣಗುವ ಮಳೆ. ನಿಲ್ಲುವುದೂ ಇಲ್ಲ, ಜೋರಾಗುವುದೂ ಇಲ್ಲ, ಸುಮ್ಮನೆ ಕುತ್ತಿಗೆಯಿಂದ ಇಳಿದು ಸಾಕ್ಸಿನಲ್ಲಿ ಸಂಸಾರ ಹೂಡುತ್ತದೆ. ಮುಕ್ಕಾಲು ಗಂಟೆ ಪಾಚಿ ತುಳಿದ ಮೇಲೆ ಬಂಡೆಯ ಪಕ್ಕ ಕಿತ್ತಳೆ ಬಟ್ಟೆ ಕಂಡಿತು. ಮದುವೆಮನೆಯ ಚಪ್ಪರ ಕಂಡಷ್ಟು ಖುಷಿಯಾಗಿ ಓಡಿಹೋಗಿ ಅಂಕಿ ನೋಡಿದೆ. 47. ನನಗೆ ಬೇಕಿದ್ದದ್ದು 52. ದಿಕ್ಸೂಚಿಯ ಕೆಂಪು ಮುಳ್ಳನ್ನು ಉಲ್ಟಾ ಹಿಡಿದು ಅಷ್ಟು ಹೊತ್ತೂ ಶ್ರದ್ಧೆಯಿಂದ ದಕ್ಷಿಣಕ್ಕೆ ನಡೆದಿದ್ದೆ.

ನಾನು ನಿಂತು ನಕ್ಷೆ ತಿರುಗಿಸುತ್ತಿದ್ದಾಗ ಪೊದೆಯಿಂದ ನಮ್ಮ ಕ್ಲಬ್ಬಿನ 74 ವರ್ಷದ ಹಿರಿಯ ಸದಸ್ಯೆ ಜಿಗಿದು ಬಂದರು, 'ಪೀಂ' ಅನ್ನಿಸಿದರು, ಮಾಯವಾದರು. ಸ್ವೀಡನ್ನಿನವರು 1960ರ ದಶಕದ ಕೊನೆಗೆ ಪದವಿ ಹಿಡಿದು ಕರೆಯುವುದನ್ನು ಬಿಟ್ಟು ಎಲ್ಲರಿಗೂ 'ನೀನು' ಅನ್ನತೊಡಗಿದರು. ನನಗೆ ಮಾತ್ರ ಅವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. ಮನಸ್ಸಿನಲ್ಲಿ ಅವರು 'ಅಜ್ಜಿ'ಯೇ.

ಸಂಜೆ ಐದಕ್ಕೆಲ್ಲ ಕತ್ತಲು. ಮರದ ಪುಟ್ಟ ಮನೆ, ಒಂಬತ್ತು ಜನ, ಅಟ್ಟದಂಥ ಮಂಚಗಳು, ಒಂದು ಕಬ್ಬಿಣದ ಒಲೆ. ಮೊದಲ ಕೆಲಸ ಉಣುಗು ಹುಡುಕುವುದು. ಮೊಣಕಾಲಿನ ಹಿಂಭಾಗ ನೋಡಲು ಕುತ್ತಿಗೆ ತಿರುಚಿಕೊಂಡ ಒಂಬತ್ತು ಜನ, ಗೊತ್ತಿಲ್ಲದವರು ನೋಡಿದ್ದರೆ ಹೊಸ ಬಗೆಯ ಯೋಗ ಅಂದುಕೊಳ್ಳುತ್ತಿದ್ದರು. ಇಲ್ಲಿ ಉಣುಗು ಹರಡುವ ಮೆದುಳುಜ್ವರದ ವೈರಸ್ಸೂ ನಮ್ಮ ಮಂಗನ ಕಾಯಿಲೆಯದೂ ಒಂದೇ ವಂಶದವು ಎಂದು ನಾನು ಹೇಳಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಅದು ಪತ್ತೆಯಾದ ಕಥೆಯನ್ನೂ ವಿವರಿಸಿದೆ. ಊಟದ ಹೊತ್ತಿಗೆ ಸರಿಯಾಗಿ ಹೇಳಿದ್ದು ತಪ್ಪಾಯಿತೇನೋ, ಯಾರೂ ಎರಡನೇ ಸಲ ಮ್ಯಾಕರೋನಿ ಬಡಿಸಿಕೊಳ್ಳಲಿಲ್ಲ.

ಆಮೇಲೆ ಎಲ್ಲರೂ ಹಳೇ ಪೇಪರ್ ಮುದ್ದೆ ಮಾಡಿ ಶೂ ಒಳಗೆ ತುರುಕಿ ಬಾಗಿಲ ಬಳಿ ಸಾಲಾಗಿ ಇಟ್ಟರು. ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಬೇಕು ಎಂದು ಅಜ್ಜಿ ನನಗೂ ಒಂದು ಪುರವಣಿ ಕೊಟ್ಟರು. ಮಳೆಗಾಲದುದ್ದಕ್ಕೂ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಯೂನಿಫಾರ್ಮ್ ಒಣಗಿಸಿಕೊಂಡು ಹತ್ತನೇ ಕ್ಲಾಸು ಮುಗಿಸಿದವನು ನಾನು. ನನಗೆ ಪೇಪರಿನ ಪಾಠವೇ? ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ನನ್ನ ಶೂಗಳನ್ನು ಒಲೆಯ ಪಕ್ಕಕ್ಕೆ ಸರಿಸಿ ಬಂದೆ.

ಬೆಳಗಿನ ಜಾವ ವಾಸನೆಗೆ ಎಚ್ಚರವಾಯಿತು. ಒಲೆ ಯಾರನ್ನೂ ಸುಡದೆ ಮಹೋಪಕಾರ ಮಾಡಿತ್ತು, ಆದರೆ ಅಂಟು ಕರಗಿ ಎಡಗಾಲಿನ ಅಟ್ಟೆ ಮೊಸಳೆಯ ಹಾಗೆ ಬಾಯಿ ತೆರೆದಿತ್ತು. ಬಲಗಾಲಿನದು ಒಣಗಿತ್ತು, ಎಷ್ಟೆಂದರೆ ಹಪ್ಪಳದಷ್ಟು. ಮುಂಭಾಗ ಮೇಲಕ್ಕೆ ಸುರುಳಿಯಾಗಿ ರಾಜಸ್ಥಾನದ ಮೋಜಡಿ ಆಗಿಬಿಟ್ಟಿತ್ತು. ಅಜ್ಜಿ ನೋಡಿದರು. ಏನೂ ಅನ್ನಲಿಲ್ಲ. ಅದೇ ಕಷ್ಟ, ನಮ್ಮಜ್ಜಿಯಾಗಿದ್ದರೆ ನಾಲ್ಕು ಬೈದು ಮುಗಿಸಿರುತ್ತಿದ್ದಳು. ಇವರು ಚೀಲದಿಂದ ತಮ್ಮ ಇನ್ನೊಂದು ಜೊತೆ ತೆಗೆದು ಮುಂದಿಟ್ಟರು. ಅಳತೆ 39. ನನ್ನದೂ ಅದೇ. ಬಣ್ಣ ಗುಲಾಬಿ.

ಭಾನುವಾರ ಆ ಗುಲಾಬಿ ಶೂಗಳು ನನ್ನನ್ನು ಮೂರು ಗುರುತುಗಳವರೆಗೆ ತಪ್ಪಿಲ್ಲದೆ ಕರೆದೊಯ್ದವು. ನಾಲ್ಕನೆಯದರ ಹತ್ತಿರ ನಾನು ಬುದ್ಧಿ ಉಪಯೋಗಿಸಿದ್ದರಿಂದ ಕಳೆದುಹೋದೆ. ಇಪ್ಪತ್ತು ನಿಮಿಷ ಸುತ್ತಿ ನೋಡಿದರೆ ಎದುರಿಗೆ ಅಜ್ಜಿ. ತಮ್ಮ ಓಟ ಮುಗಿಸಿ ಬಂದು ಅಣಬೆ ಕೀಳುತ್ತಿದ್ದಾರೆ! ದಾರಿ ಕೇಳುವ ಹಾಗಿಲ್ಲ. ಆದರೆ ಕುಶಲ ವಿಚಾರಿಸಬಾರದು ಅಂತ ನಿಯಮದಲ್ಲಿ ಎಲ್ಲಿದೆ?

"ಅಣಬೆ ಚೆನ್ನಾಗಿದೆಯಲ್ಲ. ಎಲ್ಲಿ ಸಿಕ್ಕಿತು?"

ಅವರು ನನ್ನನ್ನೊಮ್ಮೆ, ಶೂಗಳನ್ನೊಮ್ಮೆ ನೋಡಿ, "ಆ ದೊಡ್ಡ ಬಂಡೆಯ ಹಿಂದೆ. ಅಲ್ಲಿ ಬಹಳ ಇದೆ," ಅಂದರು.

ಬಂಡೆಯ ಹಿಂದೆ ಅಣಬೆಯೂ ಇತ್ತು, ಕಿತ್ತಳೆ ಬಟ್ಟೆಯೂ ಇತ್ತು. ಅಂಕಿ ಈ ಸಲ ನನ್ನದೇ. ಅದು ನ್ಯಾಯವಾಗಿ ಸಿಕ್ಕಿದ್ದು ಅಂತ ನಾನಂತೂ ವಾದಿಸುವುದಿಲ್ಲ. ಪಟ್ಟಿಯಲ್ಲಿ ಕೊನೆಯವನಾಗಿ ಬಂದೆ.

ಅಣಬೆಯ ಮೇಲೆ ಇಷ್ಟು ಆಸಕ್ತಿ ಇದ್ದವನನ್ನು ಬರಿಗೈಯಲ್ಲಿ ಕಳಿಸುವುದುಂಟೇ ಎಂದು ಅಜ್ಜಿ ಹೊರಡುವಾಗ ಅರ್ಧ ಚೀಲ ತುಂಬಿ ಕೊಟ್ಟರು. ನಾನು ಅಣಬೆ ತಿನ್ನುವುದಿಲ್ಲ. ಹೇಳಲು ಬಾಯಿ ಬರಲಿಲ್ಲ. ರಾತ್ರಿ ಕೈಯಲ್ಲಿ ಚೀಲ, ಕಾಲಲ್ಲಿ ಗುಲಾಬಿ ಶೂ ಹಾಕಿಕೊಂಡು ಮನೆಯ ಗಂಟೆ ಒತ್ತಿದೆ. ಹೆಂಡತಿ ಬಾಗಿಲು ತೆಗೆದು ಎರಡನ್ನೂ ನೋಡುತ್ತ ನಿಂತಳು. ಮೊದಲು ಯಾವುದರ ಬಗ್ಗೆ ಕೇಳಬೇಕೆಂದು ಅವಳಿಗೂ ಗೊತ್ತಾಗಲಿಲ್ಲ.