ಮುತ್ತಜ್ಜನಿಗೆ ಹೊಸ ಹಲ್ಲು

ಈ ಮೊಬೈಲ್ ಆ್ಯಪ್ ಮಾಡಿದವರಿಗೆ ಪಿತೃಪಕ್ಷ ಅಂದರೆ ಏನು ಅಂತ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೆ ಸ್ವರ್ಗ ಸೇರಿದವರ ಬಾಯಿಗೆ ಹೀಗೆ ಕೈ ಹಾಕುತ್ತಿರಲಿಲ್ಲ.

ನಮ್ಮ ಶಿರಸಿ ಮನೆ ಜಗಲಿಯಲ್ಲಿ ಮುತ್ತಜ್ಜನದ್ದು ಅಂತ ಇರುವುದು ಒಂದೇ ಫೋಟೋ. ಮಹಾಲಯ ಅಮಾವಾಸ್ಯೆ ಹತ್ತಿರ ಬಂತಲ್ಲ, ಬೆಂಗಳೂರಲ್ಲಿರುವ ಚಿಕ್ಕಪ್ಪನ ಮಗ ಅದನ್ನು ಯಾವುದೋ ಆ್ಯಪಿಗೆ ಹಾಕಿ, ಕಲೆ ತೆಗೆಸಿ, ಬಣ್ಣ ತುಂಬಿಸಿ, ಜೀವ ಬರಿಸಿ ಫ್ಯಾಮಿಲಿ ಗ್ರೂಪಿಗೆ ಬಿಟ್ಟ. ಮುತ್ತಜ್ಜ ಕಣ್ಣು ಮಿಟುಕಿಸಿದರು. ಕತ್ತು ಸ್ವಲ್ಪ ಓರೆ ಮಾಡಿದರು. ಆಮೇಲೆ ಹಲ್ಲು ಬಿಟ್ಟು ನಕ್ಕರು.

ಎಂಥ ಹಲ್ಲು ಅಂತೀರಿ! ಟೂತ್‌ಪೇಸ್ಟ್ ಜಾಹೀರಾತಿನವರೂ ನಾಚಬೇಕು. ನಮ್ಮದು ಅಡಕೆ ತೋಟದ ಮನೆ. ಮುತ್ತಜ್ಜ ಊಟ ಬಿಟ್ಟರೂ ಎಲೆ ಅಡಕೆ ಕವಳ ಬಿಟ್ಟವರಲ್ಲ. ಕೊನೆಕೊನೆಗೆ ಅಗಿಯಲಿಕ್ಕೆ ಹಲ್ಲೇ ಇಲ್ಲದೆ ಕುಟ್ಟಾಣಿಯಲ್ಲಿ ಕುಟ್ಟಿಸಿಕೊಂಡು ಹಾಕುತ್ತಿದ್ದರಂತೆ. ಆ ಕುಟ್ಟಾಣಿ ಈಗಲೂ ಅಟ್ಟದ ಮೇಲಿದೆ, ಬೇಕಾದರೆ ಬಂದು ನೋಡಿ. ಅಂಥವರಿಗೆ ಮೇಲೊಂದು ಸಾಲು, ಕೆಳಗೊಂದು ಸಾಲು, ಒಂದೂ ಕಡಿಮೆಯಿಲ್ಲದ ಹಾಗೆ ಬೆಳ್ಳಗೆ ಜೋಡಿಸಿಬಿಟ್ಟಿದೆ. ಹೆಗಲ ಮೇಲಿನ ಶಾಲನ್ನು ಅದು ಕೋಟಿನ ಕಾಲರ್ ಅಂದುಕೊಂಡಿದೆ. ಹಣೆಯ ಭಸ್ಮವನ್ನು ಗೀರು ಅಂತ ತಿಳಿದು ಒರೆಸಿದೆ. ಒಟ್ಟಿನಲ್ಲಿ ಮುತ್ತಜ್ಜ ಈಗ ವಿಮೆ ಪಾಲಿಸಿ ಮಾರಲಿಕ್ಕೆ ಬಂದವರ ಹಾಗೆ ಕಾಣುತ್ತಾರೆ.

ಗ್ರೂಪಿನಲ್ಲಂತೂ ಸಂಭ್ರಮವೋ ಸಂಭ್ರಮ. ಕುಮಟೆ ಅತ್ತೆ ಕೈಮುಗಿಯುವ ಇಮೋಜಿಯನ್ನು ಸಾಲಾಗಿ ಸುರಿದರು. ಹೊನ್ನಾವರದ ಭಾವ 'ಸೇಮ್ ನಮ್ಮ ಮಾಣಿ ನಗೆ' ಅಂದ. ಮಾಣಿಯ ಹಲ್ಲಿಗೆ ಮೊನ್ನೆಯಷ್ಟೇ ಕ್ಲಿಪ್ ಹಾಕಿಸಿದ್ದಾರೆ, ಅದು ಬೇರೆ ವಿಷಯ. ಇನ್ನು ದೊಡ್ಡಪ್ಪ. ಹಳೇ ಫೋಟೋದಲ್ಲಿ ಗಾಂಧಿ ಟೋಪಿ ಹಾಕಿದ ಯಾರು ಕಂಡರೂ '1930ರಲ್ಲಿ ಅಂಕೋಲೆ ಉಪ್ಪಿನ ಸತ್ಯಾಗ್ರಹಕ್ಕೆ ಹೋದ ನಮ್ಮವನೇ ಇವ' ಅನ್ನುವ ಮನುಷ್ಯ. ಅವರು ಮೊಬೈಲನ್ನು ಮೂಗಿನ ತನಕ ತಂದು ನೋಡಿ, "ಅಜ್ಜ ನಕ್ಕಿದ್ದು ನಾ ಕಂಡಿದ್ದೇ ಇಲ್ಲೆ ತಮಾ" ಅಂದರು. ಕಣ್ಣಲ್ಲಿ ನೀರು. ಏನು ಹೇಳುವುದು ಈಗ? ಹಲ್ಲಿನ ವಿಷಯ ತೆಗೆಯಲಿಕ್ಕೆ ನನಗೆ ಬಾಯಿ ಬರಲಿಲ್ಲ.

ಮುತ್ತಜ್ಜ ಫೋಟೋದಲ್ಲಿ ನಗದೇ ಇದ್ದಿದ್ದಕ್ಕೆ ಕಾರಣ ಇದೆ ಮಾರಾಯ್ರೇ. ಆಗ ಗಾಜಿನ ಪ್ಲೇಟಿನ ಕ್ಯಾಮೆರಾ. ಜಗಲಿಯ ನೆರಳಲ್ಲಿ ಅದಕ್ಕೆ ಬೆಳಕು ಸಾಲುತ್ತಿರಲಿಲ್ಲ. ಫೋಟೋದವನು ಕರಿ ಬಟ್ಟೆಯೊಳಗೆ ತಲೆ ತೂರಿಸಿ 'ಅಲ್ಲಾಡಬೇಡಿ' ಅಂದರೆ ಉಸಿರು ಬಿಗಿಹಿಡಿದು ಕೂರಬೇಕು. ಅಲ್ಲಾಡಿದರೆ ಮುಖ ಮಸುಕು, ದುಡ್ಡು ದಂಡ. ಆ ಬಿಗಿ ಮುಖವನ್ನೇ ನೋಡಿ ನಾವು ಚಿಕ್ಕವರಿದ್ದಾಗ ಜಗಲಿಯಲ್ಲಿ ಗಲಾಟೆ ಮಾಡುತ್ತಿರಲಿಲ್ಲ. ಈಗಿನ ಮುತ್ತಜ್ಜನಿಗೆ ಯಾರು ಹೆದರುತ್ತಾರೆ ಹೇಳಿ?

ಫೋಟೋ ಹಾಳಾಗಿದ್ದು ಹೌದು, ಇಲ್ಲ ಅನ್ನುವುದಿಲ್ಲ. ಹಳೇ ಕಪ್ಪು ಬಿಳುಪು ಫೋಟೋದಲ್ಲಿ ಬೆಳ್ಳಿಯ ಕಣಗಳನ್ನು ಕಾಗದಕ್ಕೆ ಹಿಡಿದಿಡುವುದು ಜೆಲಾಟಿನ್ ಅನ್ನುವ ಅಂಟು. ಮಳೆಗಾಲದ ನಮ್ಮ ಥಂಡಿಗೆ ಅದು ನೀರು ಹೀರಿ ಉಬ್ಬಿ ಗಾಜಿಗೆ ಕಚ್ಚಿಕೊಳ್ಳುತ್ತದೆ, ಮೇಲೆ ಬೂಸ್ಟು ಹಿಡಿಯುತ್ತದೆ. ಕಿತ್ತರೆ ಮೂಗು ಗಾಜಿಗೆ, ಕಿವಿ ಕಾಗದಕ್ಕೆ. ಹಾಗಾಗಿ ಕೀಳಲಿಕ್ಕೇ ಹೋಗಬಾರದು, ಗಾಜಿನ ಮೇಲಿಂದಲೇ ಇನ್ನೊಂದು ಫೋಟೋ ತೆಗೆದಿಟ್ಟುಕೊಳ್ಳಬೇಕು. ಅಂದಹಾಗೆ, ಈ ಜೆಲಾಟಿನ್ ತಯಾರಾಗುವುದು ದನದ ಎಲುಬು, ಚರ್ಮ ಬೇಯಿಸಿ. ಪೇಟೆಗೆ ಹೋಗಿ ಬಂದರೆ ಸ್ನಾನ ಮಾಡದೆ ಒಳಗೆ ಬಾರದ ಮುತ್ತಜ್ಜ ಇಷ್ಟು ವರ್ಷ ಅದರಲ್ಲೇ ಅಂಟಿಕೊಂಡು ಕೂತಿದ್ದಾರೆ. ದೊಡ್ಡಪ್ಪನಿಗೆ ಇದನ್ನು ಹೇಳಿಲ್ಲ. ಹೇಳಿದರೆ ಫೋಟೋಕ್ಕೆ ಪಂಚಗವ್ಯ ಬೀಳುತ್ತದೆ, ಉಳಿದ ಮುಖವೂ ತೊಳೆದು ಹೋಗುತ್ತದೆ.

ಹಲ್ಲು, ಕಾಲರ್ ಎಲ್ಲ ಹೋಗಲಿ ಅಂದುಕೊಳ್ಳಬಹುದಿತ್ತು. ರಾತ್ರಿ ಮತ್ತೊಮ್ಮೆ ಅದನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಎಡಗಡೆ ಬಾಗಿಲು ಖಾಲಿ.

ಮೂಲ ಫೋಟೋದಲ್ಲಿ ಆ ಬಾಗಿಲಿನ ಹತ್ತಿರ ಒಂದು ಕೈ ಇದೆ. ದಾರಂದ ಹಿಡಿದುಕೊಂಡ ನಾಲ್ಕು ಬೆರಳು, ಮಣಿಕಟ್ಟಿನ ತುಂಬ ಬಳೆ, ಸೀರೆಯ ಒಂದು ಚೂರು. ಮುತ್ತಜ್ಜಿ. ಫೋಟೋದವನು ಬಂದಾಗ ಹೆಂಗಸರು ಹೊರಗೆ ಬಂದು ಕೂರುವ ಹಾಗಿರಲಿಲ್ಲ. ನೋಡುವ ಆಸೆ ಮಾತ್ರ ಇತ್ತು ಅಂತ ಕಾಣುತ್ತದೆ, ಬಾಗಿಲ ತನಕ ಬಂದಿದ್ದಾರೆ. ಅವರದ್ದು ಅಂತ ಬೇರೆ ಚಿತ್ರವೇ ಇಲ್ಲ. ಮಹಾಲಯದಲ್ಲಿ ಅವರ ಹೆಸರು ಹೇಳಿ ದೊಡ್ಡಪ್ಪ ಎಳ್ಳುನೀರು ಬಿಡುವಾಗ ನನಗೆ ಮುಖ ನೆನಪಾಗುವುದಿಲ್ಲ, ನೋಡಿದ್ದರೆ ತಾನೇ? ಆ ಬಳೆ ನೆನಪಾಗುತ್ತದೆ. ಆ್ಯಪು ಅದನ್ನು ಕಲೆ ಅಂದುಕೊಂಡು ಒರೆಸಿ, ಮೇಲೆ ನೀಟಾಗಿ ಮರದ ಬಾಗಿಲು ಬಳಿದಿದೆ.

ತಡೆಯಲಾಗದೆ ಚಿಕ್ಕಪ್ಪನ ಮಗನಿಗೆ ಫೋನ್ ಹಚ್ಚಿದೆ. ಮುತ್ತಜ್ಜಿ ಎಲ್ಲಿ ಹೋದರೋ ಅಂತ ಜೋರು ಮಾಡಿದೆ. ಅವನಿಗೆ ಪಾಪ, ಅಲ್ಲಿ ಕೈ ಇದ್ದಿದ್ದೇ ಗೊತ್ತಿಲ್ಲ.

"ಅಯ್ಯೋ ಅಣ್ಣಾ, ಅದಕ್ಯಾಕೆ ಅಷ್ಟು ತಲೆಬಿಸಿ? ಮುತ್ತಜ್ಜಿದು ಒಂದು ಒಳ್ಳೇ ಫೋಟೋ ಇದ್ರೆ ಕಳ್ಸು, ಪಕ್ಕದಲ್ಲೇ ಕೂರ್ಸಿ ನಗಿಸಿಕೊಡ್ತೆ."