ಮಕ್ಕಳ ಜೊತೆ ಮಾಲ್ಡೀವ್ಸ್‌ಗೆ ಹೊರಟಿದ್ದೀರಾ? ವಾಟರ್ ವಿಲ್ಲಾ ಆಸೆ ಬಿಟ್ಬಿಡಿ

ರಜೆ ಹತ್ರ ಬಂತು ಅಂದ್ರೆ ಸಾಕು, ಇನ್‌ಬಾಕ್ಸಲ್ಲಿ ಒಂದೇ ಪ್ರಶ್ನೆ: "ಯಾವ ರೆಸಾರ್ಟಲ್ಲಿ ವಾಟರ್ ವಿಲ್ಲಾ ಚೆನ್ನಾಗಿದೆ ಗುರು?" ಬೈಕೊಂಡ್ರೂ ಪರ್ವಾಗಿಲ್ಲ, ನೇರವಾಗಿ ಹೇಳ್ತೀನಿ. ಮನೇಲಿ ಸಣ್ಣ ಮಕ್ಕಳಿದ್ರೆ ವಾಟರ್ ವಿಲ್ಲಾ, ಅಂದ್ರೆ ಸಮುದ್ರದ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕಾಟೇಜ್ ಅನ್ನೋದು ಜಾಸ್ತಿ ದುಡ್ಡು ಕೊಟ್ಟು ತಗೊಳ್ಳೋ ಟೆನ್ಷನ್. ಸುತ್ತ ನೀರು, ಡೆಕ್ಕಿಂದ ಸೀದಾ ಸಮುದ್ರಕ್ಕೆ ಏಣಿ, ಎಷ್ಟೋ ಕಡೆ ಕಟಾಂಜನಾನೂ ಇರಲ್ಲ, ಇದ್ರೆ ಫೋಟೋ ಕೆಡುತ್ತಲ್ಲ. ಅದಕ್ಕೇ ಕೆಲವು ರೆಸಾರ್ಟ್‌ಗಳು ಇಂತಿಷ್ಟು ವಯಸ್ಸಿನ ಕೆಳಗಿನ ಮಕ್ಕಳನ್ನ ಅಲ್ಲಿ ಬಿಡೋದೇ ಇಲ್ಲ, ಬಿಟ್ರೂ "ಏನಾದ್ರೂ ಆದ್ರೆ ನಾವು ಜವಾಬ್ದಾರರಲ್ಲ" ಅಂತ ಸೈನ್ ಹಾಕಿಸ್ಕೋತಾರೆ. ಸೈನ್ ಹಾಕಿದ್ಮೇಲೆ ನೀವು ರಾತ್ರಿ ನಿದ್ದೆ ಮಾಡ್ತೀರಾ? ನಾನಂತೂ ಮಾಡಲ್ಲ. ಬೀಚ್ ವಿಲ್ಲಾ ತಗೊಳ್ಳಿ. ಬಾಗಿಲು ತೆಗೆದ್ರೆ ಮರಳು, ಮಕ್ಕಳು ಬೆಳಗ್ಗೆಯಿಂದ ಸಂಜೆವರೆಗೂ ಅಲ್ಲೇ ಬಿದ್ದಿರ್ತಾವೆ, ಸಾಮಾನ್ಯವಾಗಿ ರೇಟೂ ಕಮ್ಮಿ.

ಇನ್ನು ರೆಸಾರ್ಟ್ ಆರಿಸೋದು. ಎಲ್ಲರೂ ರೂಮ್ ಫೋಟೋ ನೋಡ್ತಾರೆ, ಬಫೆ ನೋಡ್ತಾರೆ, ಕಿಡ್ಸ್ ಕ್ಲಬ್ಬಲ್ಲಿ ಜಾರುಬಂಡೆ ಇದ್ಯಾ ಅಂತ ನೋಡ್ತಾರೆ. ನಾನು ಮೊದಲು ನೋಡೋದು ಗೂಗಲ್ ಮ್ಯಾಪಲ್ಲಿ ಸ್ಯಾಟಲೈಟ್ ವ್ಯೂ. ದ್ವೀಪದ ಸುತ್ತ ತಿಳಿ ಹಸಿರು ಮಿಶ್ರಿತ ನೀಲಿ ಅಗಲವಾಗಿ ಹರಡಿದ್ರೆ ಅದು ಲಗೂನ್, ಅಂದ್ರೆ ಆಳ ಕಮ್ಮಿ, ಅಲೆ ಇಲ್ಲ, ಮಕ್ಕಳು ಸೊಂಟದ ಮಟ್ಟದ ನೀರಲ್ಲಿ ಆರಾಮಾಗಿ ಆಡಬಹುದು. ದಡದ ಹತ್ರಾನೇ ಆ ಬಣ್ಣ ಹೋಗಿ ಕಡುನೀಲಿ ಶುರುವಾದ್ರೆ ಅಲ್ಲಿ ರೀಫ್, ಅಂದ್ರೆ ನೀರೊಳಗಿನ ಹವಳದ ದಿಬ್ಬ, ಮುಗಿದು ಒಮ್ಮೆಲೇ ಆಳ ಇದೆ ಅಂತ ಅರ್ಥ. ಸ್ನಾರ್ಕ್ಲಿಂಗ್ (ಮಾಸ್ಕ್, ಉಸಿರಾಟದ ಕೊಳವೆ ಹಾಕ್ಕೊಂಡು ನೀರಿನ ಮೇಲೇ ತೇಲ್ತಾ ಕೆಳಗೆ ನೋಡೋದು) ಮಾಡೋರಿಗೆ ಅದು ಸ್ವರ್ಗ, ಬೋಟ್ ಬೇಕಾಗಿಲ್ಲ, ಆದ್ರೆ ಐದು ವರ್ಷದ ಮಗು ಜೊತೆ ಅಲ್ಲ. ಎರಡೂ ಚೆನ್ನಾಗಿರೋ ದ್ವೀಪಗಳೂ ಇವೆ, ಒಂದು ಕಡೆ ಲಗೂನ್, ಇನ್ನೊಂದು ಕಡೆ ದಡದಿಂದಲೇ ಈಜ್ಕೊಂಡು ಹೋಗಬಹುದಾದ ಹೌಸ್ ರೀಫ್, ಹುಡುಕಬೇಕು ಅಷ್ಟೇ. ಅಲ್ಲಿ ಸಾಮಾನ್ಯವಾಗಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಆದ್ದರಿಂದ ದ್ವೀಪ ಸರಿಯಿಲ್ಲ ಅಂದ್ರೆ ಪಕ್ಕದ ಬೀಚಿಗೆ ಹೋಗ್ತೀನಿ ಅನ್ನೋ ಹಾಗೂ ಇಲ್ಲ.

ದುಡ್ಡಿನ ವಿಷಯ. ವೆಬ್‌ಸೈಟಲ್ಲಿ ರೇಟ್ ಪಕ್ಕ ಎರಡು ಪ್ಲಸ್ ಗುರುತು ಹಾಕಿರ್ತಾರಲ್ಲ, ಅದನ್ನ ಓದದೇ ಬುಕ್ ಮಾಡ್ಬೇಡಿ. 10% ಸರ್ವಿಸ್ ಚಾರ್ಜ್, ಅದರ ಮೇಲೆ ಟೂರಿಸಂ ಜಿಎಸ್‌ಟಿ, ಅದು 2025ರ ಜುಲೈಯಿಂದ 17% ಆಗಿದೆ. ಅಲ್ಲಿಗೆ ಸಾವಿರ ಡಾಲರ್ ಅಂತ ಕಾಣೋದು 1287 ಆಯ್ತು. ಅದು ಸಾಲದು ಅಂತ ಗ್ರೀನ್ ಟ್ಯಾಕ್ಸ್ ಬೇರೆ, 2025ರಿಂದ ರೆಸಾರ್ಟಲ್ಲಿ ತಲೆಗೆ ದಿನಕ್ಕೆ 12 ಡಾಲರ್, ಎರಡು ವರ್ಷದ ಕೆಳಗಿನ ಕೂಸುಗಳಿಗೆ ಮಾತ್ರ ಇಲ್ಲ. ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ 48 ಡಾಲರ್ ಬರೀ ಅದಕ್ಕೇ ಹೋಯ್ತು! ಆಮೇಲೆ ಟ್ರಾನ್ಸ್‌ಫರ್. ನೀರಿನ ಮೇಲೆ ಇಳಿಯೋ ಪುಟ್ಟ ವಿಮಾನ, ಸೀಪ್ಲೇನ್ ಅಂದ್ರೆ ಹೋಗಿ ಬರೋಕೆ ಒಬ್ಬರಿಗೇ ನೂರಾರು ಡಾಲರ್, ಮಕ್ಕಳಿಗೆ ಒಂಚೂರು ಕಮ್ಮಿ.

ಸೀಪ್ಲೇನ್ ಹತ್ತಬಾರದು ಅಂತ ಹೇಳ್ತಿಲ್ಲ, ಅದು ನಿಜಕ್ಕೂ ಮಜಾ, ಚಪ್ಪಲಿ ಇಲ್ಲದೇ ಬರಿಗಾಲಲ್ಲಿ ಪೈಲಟ್ ವಿಮಾನ ಓಡಿಸೋದನ್ನ ನನ್ನ ಮಗ ಇವತ್ತಿಗೂ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಾನೆ. ಆದ್ರೆ ಅದು ಹಗಲಲ್ಲಿ ಮಾತ್ರ ಹಾರೋದು. ನಿಮ್ಮ ಫ್ಲೈಟ್ ಸಂಜೆ ರಾಜಧಾನಿ ಮಾಲೆಗೆ ಇಳಿದ್ರೆ ಅವತ್ತು ರಾತ್ರಿ ಏರ್‌ಪೋರ್ಟ್ ಪಕ್ಕದ ಹುಲ್ಹುಮಾಲೆ ದ್ವೀಪದಲ್ಲಿ ಎಲ್ಲೋ ಲಾಡ್ಜ್ ಮಾಡ್ಕೊಂಡು ಮಲಗಿ ಬೆಳಗ್ಗೆ ಹೋಗಬೇಕು, ರೆಸಾರ್ಟಲ್ಲಿ ಆ ರಾತ್ರಿಗೂ ದುಡ್ಡು ಕಟ್ಟಿದ್ರೆ ಅದು ಗೋತಾ. ನಮಗೆ ಪ್ಯಾಕೇಜ್ ಮಾರಿದ ಏಜೆಂಟ್ ಇದನ್ನ ಬಾಯಿ ಬಿಟ್ಟು ಹೇಳಿರಲಿಲ್ಲ, ಟಿಕೆಟ್ ಟೈಮ್ ನೋಡಿ ನನ್ನ ಹೆಂಡತಿ ಕೇಳಿದ್ಮೇಲೆ "ಹೌದು ಮೇಡಂ, ಅದು ಎಕ್ಸ್‌ಟ್ರಾ" ಅಂದ. ಸಣ್ಣ ಮಕ್ಕಳೋ ವಯಸ್ಸಾದವರೋ ಇದ್ರೆ ಮಾಲೆ ಸುತ್ತಮುತ್ತಲ ಅಟಾಲ್‌ನಲ್ಲೇ, ಅಂದ್ರೆ ಹವಳದ ದ್ವೀಪಗಳ ಗುಂಪಲ್ಲೇ, ಸ್ಪೀಡ್‌ಬೋಟಲ್ಲಿ ಹೋಗೋ ಜಾಗ ನೋಡಿ, ರಾತ್ರಿನೂ ಬೋಟ್ ಸಿಗುತ್ತೆ, ಉಳಿಯೋ ದುಡ್ಡಲ್ಲಿ ಇನ್ನೊಂದು ದಿನ ಇರಬಹುದು.

"ಫ್ಯಾಮಿಲಿ ಫ್ರೆಂಡ್ಲಿ" ಅನ್ನೋ ಬೋರ್ಡ್ ಬಗ್ಗೆ ನಂಗೊಂದು ತಕರಾರಿದೆ. ಅವರ ಲೆಕ್ಕದಲ್ಲಿ ಫ್ಯಾಮಿಲಿ ಅಂದ್ರೆ ಗಂಡ, ಹೆಂಡತಿ, ಎರಡು ಮಕ್ಕಳು, ಆ ಮಕ್ಕಳನ್ನೂ ಕಿಡ್ಸ್ ಕ್ಲಬ್ಬಿಗೆ ಬಿಟ್ಟು ಅಪ್ಪ ಅಮ್ಮ ಸ್ಪಾಗೆ ಹೋಗೋದು. ನಮ್ಮ ಕಡೆ ಫ್ಯಾಮಿಲಿ ಅಂದ್ರೆ ಅಜ್ಜಿನೂ ಬರ್ತಾರೆ, ಅತ್ತೆನೂ ಬರ್ತಾರೆ, ಎಲ್ಲರೂ ಒಂದೇ ಕಡೆ ಕೂತು ಚುರುಮುರಿ ತಿನ್ನಬೇಕು. ನಮ್ಮಮ್ಮ ನೀರಿಗೇ ಇಳಿಯಲಿಲ್ಲ. ಮೊಮ್ಮಕ್ಕಳ ಜೊತೆ ವರಾಂಡದಲ್ಲಿ ಚೌಕಾಬಾರ ಆಡ್ಕೊಂಡು ಖುಷಿಯಾಗಿದ್ರು. ಮಜಾ ಏನು ಗೊತ್ತಾ, ಆ ಆಟದ ಕವಡೆ ಶತಮಾನಗಳ ಕಾಲ ಇದೇ ದ್ವೀಪಗಳಿಂದ ಹಡಗಲ್ಲಿ ಬಂಗಾಳಕ್ಕೆ ಹೋಗ್ತಿತ್ತು, ಅಲ್ಲಿ ಅದೇ ಚಿಲ್ಲರೆ ದುಡ್ಡು. ಈಗ ನೀವು ಹವಳದ ಚೂರು ಬ್ಯಾಗಿಗೆ ಹಾಕ್ಕೊಂಡ್ರೂ ಏರ್‌ಪೋರ್ಟಲ್ಲಿ ಕಿತ್ಕೋತಾರೆ, ಮಕ್ಕಳಿಗೆ ಮೊದಲೇ ಹೇಳಿಡಿ. ಹೋಗೋವಾಗ್ಲೂ ಅಷ್ಟೇ, ಮದ್ಯ ತಗೊಂಡು ಹೋಗೋ ಹಾಗಿಲ್ಲ, ಪೂಜೆಯ ವಿಗ್ರಹಾನೂ ಇಲ್ಲ, ಅಮ್ಮಂದಿರ ಬ್ಯಾಗ್ ಒಂದ್ಸಲ ನೋಡ್ಬಿಡಿ.

ಸೀಸನ್ ಬಗ್ಗೆ ಎಲ್ಲರೂ ಹೇಳೋದು ಡಿಸೆಂಬರಿಂದ ಏಪ್ರಿಲ್ ಅಂತ. ನಿಜ, ಸಮುದ್ರ ಶಾಂತವಾಗಿರುತ್ತೆ, ರೇಟೂ ಆಕಾಶದಲ್ಲಿರುತ್ತೆ. ಆದ್ರೆ ನನ್ನ ಓಟು ದಸರಾ ರಜೆಗೆ. ಮಳೆ ಬರುತ್ತೆ, ಬರಲ್ಲ ಅನ್ನಲ್ಲ, ಗಾಳಿನೂ ಇರುತ್ತೆ, ಆದ್ರೆ ಅದೇ ಮಳೆಗಾಲದ ತಿಂಗಳುಗಳಲ್ಲಿ 'ಬಾ' ಅನ್ನೋ ಅಟಾಲ್‌ನ ಹನಿಫಾರು ಕೊಲ್ಲಿಗೆ ಪ್ಲ್ಯಾಂಕ್ಟನ್ (ನೀರಲ್ಲಿ ತೇಲೋ ಸಣ್ಣ ಸಣ್ಣ ಜೀವಿಗಳು) ತಿನ್ನೋಕೆ ಮ್ಯಾಂಟಾ ರೇ ಅನ್ನೋ ರೆಕ್ಕೆಯಂಥ ಅಗಲ ಮೈಯ ದೊಡ್ಡ ಮೀನುಗಳು ಹಿಂಡು ಹಿಂಡಾಗಿ ಬರ್ತಾವೆ. ಬಾ ಅಟಾಲ್ 2011ರಿಂದ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶ, ಆ ಕೊಲ್ಲೀಲಿ ಡೈವಿಂಗ್ ಬ್ಯಾನ್, ಸ್ನಾರ್ಕ್ಲಿಂಗ್ ಮಾತ್ರ, ಅಂದ್ರೆ ಈಜು ಬರೋ ಹತ್ತು ಹನ್ನೆರಡು ವರ್ಷದ ಮಕ್ಕಳೂ ನೋಡಬಹುದು. ಮೀನಿನ ವಿಷಯ ಬಂತಲ್ಲ, ಗಿಣಿಮೀನು ಹವಳ ಕಡಿದು ತಿಂದು ಹಿಂದಿನಿಂದ ಬಿಡೋದೇ ಆ ಬಿಳೀ ಮರಳಲ್ಲಿ ದೊಡ್ಡ ಪಾಲು ಅಂತ ಮಕ್ಕಳಿಗೆ ಹೇಳಿ ನೋಡಿ, ರಜೆ ಪೂರ್ತಿ ಬೇರೆ ಟಾಪಿಕ್ಕೇ ಇರಲ್ಲ.

ಮತ್ತೆ, ಪೂರ್ತಿ ರಜೆ ರೆಸಾರ್ಟಲ್ಲೇ ಕಳೀಬೇಡಿ. 1972ರಲ್ಲಿ ಅಲ್ಲಿ ಟೂರಿಸಂ ಶುರುವಾದಾಗಿಂದ ಎಷ್ಟೋ ವರ್ಷ ಟೂರಿಸ್ಟ್‌ಗಳು ಒಂದು ಕಡೆ, ಊರಿನವರು ಒಂದು ಕಡೆ ಅಂತಲೇ ಇತ್ತು. ಜನ ಇರೋ ದ್ವೀಪಗಳಲ್ಲಿ ಗೆಸ್ಟ್‌ಹೌಸ್‌ಗೆ ಬಿಟ್ಟಿದ್ದು 2009ರ ಆಸುಪಾಸಲ್ಲಿ. ಕೊನೇ ಎರಡು ರಾತ್ರಿ ಮಾಫುಶಿಯಂಥ ಊರಲ್ಲಿ ಇದ್ರೆ ರೆಸಾರ್ಟಿನ ಒಂದು ದಿನದ ಖರ್ಚೂ ಆಗಲ್ಲ. ಬಟ್ಟೆ ಮೈತುಂಬ ಇರಲಿ, ಈಜೋಕೆ ಬೇರೆ ಬೀಚ್ ಇರುತ್ತೆ, ಮದ್ಯ ಸಿಗಲ್ಲ. ಬೆಳಗ್ಗೆ ಮಾಸ್ ಹುನಿ ಕೊಡ್ತಾರೆ, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ಟ್ಯೂನಾ ಕಲಸಿದ್ದು, ಜೊತೆಗೆ ತೆಳು ರೊಟ್ಟಿ. ಮೀನು ತಿನ್ನೋರು ಬಿಡಬೇಡಿ, ತಿನ್ನದವರು ಮೀನು ಹಾಕದೇ ಕಲಸ್ಕೊಡಿ ಅಂತ ಕೇಳಿ ನೋಡಿ. ನಂಗೆ ರೆಸಾರ್ಟಿನ ಅಷ್ಟುದ್ದ ಬಫೆಗಿಂತ ಅದೇ ಇಷ್ಟ ಆಯ್ತು.

"ಲಕ್ಷದ್ವೀಪ ಇರುವಾಗ ಅಲ್ಯಾಕೆ" ಅಂತ ಕಾಮೆಂಟ್ ಬರುತ್ತೆ ಅಂತ ಗೊತ್ತು, 2024ರ ಜನವರಿಯಲ್ಲಿ ಮಾಲ್ಡೀವ್ಸ್‌ನ ಉಪಮಂತ್ರಿಗಳು ಮೋದಿ ಬಗ್ಗೆ ಹಗುರವಾಗಿ ಮಾತಾಡಿ ಗಲಾಟೆ ಆದ್ಮೇಲಂತೂ ಬಂದೇ ಬರುತ್ತೆ. ಸ್ವಾಮಿ, ಲಕ್ಷದ್ವೀಪ ನಂಗೂ ಇಷ್ಟ, ಅಲ್ಲಿನ ಅಮಿನಿದಿವಿ ದ್ವೀಪಗಳು 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ವು. ಆದ್ರೆ ಅಲ್ಲಿಗೆ ಪರ್ಮಿಟ್ ಬೇಕು, ರೂಮುಗಳು ಕಮ್ಮಿ, ಅದನ್ನ ಐಷಾರಾಮಿ ರೆಸಾರ್ಟ್ ಥರ ನೋಡೋದೇ ತಪ್ಪು. ಅದರ ಬಗ್ಗೆ ಜಗಳ ಆಡೋದಾದ್ರೆ ಇನ್ನೊಂದು ಪೋಸ್ಟಲ್ಲಿ ಆಡೋಣ. ಇಲ್ಲಿ ಮಕ್ಕಳ ವಯಸ್ಸು, ಯಾವ ತಿಂಗಳು, ಮನೇಲಿ ಎಷ್ಟು ಜನ ಅಂತ ಬರೀರಿ, ಗೊತ್ತಿರೋದು ಹೇಳ್ತೀನಿ.